ವರ್ತಕರ ನೆರವು ಶೇ 90ರ ಆಚೆಗೂ ತಲುಪಲಿ



ನಮ್ಮ ತಾಲ್ಲೂಕಿನ ವರ್ತಕರು ಎಸ್ಸೆಸ್ಸೆಲ್ಸಿಯಲ್ಲಿ ಶೇ 90ಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳಿಗೆ ನಗದು ಬಹುಮಾನ, ಶಿಕ್ಷಕರಿಗೆ ಶಾಲು-ಫಲಕ ಕೊಟ್ಟ ಸುದ್ದಿಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಅಂಥದೊಂದು ಶಾಲು ನನ್ನ ಮನೆಯಲ್ಲೂ ಇದೆ. ಹೊದಿಸಿದವರ ಪ್ರೀತಿಯ ಬಗ್ಗೆ ಎರಡು ಮಾತಿಲ್ಲ. ಕಂಪನಿ ಕಾಯ್ದೆಯ 135ನೇ ಕಲಮಿನಂತೆ ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡುವ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಮ್ಮ ದಲಾಲಿ ಅಂಗಡಿ, ಕಿರಾಣಿ ಅಂಗಡಿಯವರಿಗೆ ಅಂಥ ಕಟ್ಟಳೆ ಯಾವುದೂ ಇಲ್ಲ. ಅವರು ಕೊಡುವುದು ಮನಸಾರೆ. ಅಂಥ ದುಡ್ಡು ನಿಜವಾಗಿ ಬೇಕಾದ ಮಗುವಿನ ಕೈಸೇರುತ್ತಿಲ್ಲವಲ್ಲ ಎಂಬುದೇ ನನ್ನ ಸಂಕಟ.

ನಾನು ಏಳನೇ ತರಗತಿಯವರೆಗೆ ಕಲಿಸಿದ ಒಬ್ಬ ಹುಡುಗಿಯ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಸುಗ್ಗಿಯ ತಿಂಗಳುಗಳಲ್ಲಿ ಮಗಳೂ ಜೊತೆಗೆ ಕೂರುತ್ತಿದ್ದಳು. ಅದರ ನಡುವೆಯೇ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಶೇ 68 ತೆಗೆದಳು. ಯಾವ ಸಮಾರಂಭಕ್ಕೂ ಅವಳಿಗೆ ಕರೆ ಬರಲಿಲ್ಲ. ಪಿಯು ವಿಜ್ಞಾನಕ್ಕೆ ಸೇರಿದವಳು ದಸರಾ ರಜೆ ಮುಗಿದ ಮೇಲೆ ಕಾಲೇಜಿನತ್ತ ಹೋಗಲೇ ಇಲ್ಲ. ಅದೇ ವರ್ಷ ಅನುಕೂಲಸ್ಥರ ಮನೆಯ ಮಗುವೊಂದು ಮೂರು ಸಂಘಗಳಿಂದ ಬಹುಮಾನ ಪಡೆಯಿತು. ಆ ಮಗುವಿನ ಶ್ರಮಕ್ಕೂ ಮೆಚ್ಚುಗೆ ಸಲ್ಲಬೇಕು, ನಿಜ. ಅದಕ್ಕೆ ಒಂದು ಒಳ್ಳೆಯ ಪುಸ್ತಕ, ನಾಲ್ಕು ಜನರ ಎದುರು ಬೆನ್ನು ತಟ್ಟುವ ಮಾತು ಸಾಕಿತ್ತು.

ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ ₹12,000 ವಿದ್ಯಾರ್ಥಿವೇತನ ಸಿಗುತ್ತದೆ. ಅಂದರೆ ತಿಂಗಳಿಗೆ ಒಂದು ಸಾವಿರ. ಆ ಒಂದು ಸಾವಿರಕ್ಕೆ ಮಗು ಕೂಲಿಗೆ ಹೋಗುವುದು ತಪ್ಪಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದರ ಕೋಟಾ ಸೀಮಿತ. ಸ್ವಲ್ಪದರಲ್ಲಿ ಪಟ್ಟಿ ತಪ್ಪಿಸಿಕೊಂಡ ಮಕ್ಕಳು ಯಾರೆಂದು ಮುಖ್ಯಶಿಕ್ಷಕರನ್ನು ಕೇಳಿದರೆ ಹೇಳುತ್ತಾರೆ. ವರ್ತಕರು ಅಲ್ಲಿಂದ ಶುರು ಮಾಡಲಿ. ಹಣ ಜೂನ್‌ನಲ್ಲೇ ತಾಯಿಯ ಖಾತೆಗೆ ಬೀಳಲಿ. ಮುಂದಿನ ವರ್ಷಕ್ಕೆ ಮುಂದುವರಿಸುವಾಗ ಹಾಜರಾತಿ ನೋಡಲಿ, ಅಂಕ ಬೇಡ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ಖರ್ಚಿಲ್ಲ. ಪಾಸಿಗೆ ದುಡ್ಡು ಕಟ್ಟಬೇಕಾದ ಹುಡುಗರನ್ನೂ ಮರೆಯುವುದು ಬೇಡ.

ಮಕ್ಕಳ ಓದಿಗೆ ಹೀಗೆ ನೆರವಾಗುವುದು ನಮ್ಮ ಸೀಮೆಗೆ ಹೊಸದೇನಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದೇ ಬರೆದಿಟ್ಟರು.

ಇನ್ನು ಶಿಕ್ಷಕರ ವಿಷಯ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಕಲಿಕೋಪಕರಣಕ್ಕೆಂದು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ₹500 ಬರುತ್ತಿತ್ತು. ಅಷ್ಟರಲ್ಲೇ ಡ್ರಾಯಿಂಗ್ ಹಾಳೆ, ಬಣ್ಣ, ದಾರ, ಮಣಿ ತಂದು ಇಡೀ ವರ್ಷಕ್ಕೆ ಆಗುವಷ್ಟು ಸಾಮಾನು ಮಾಡಿಕೊಳ್ಳುತ್ತಿದ್ದೆವು. 1995ರ ಸುಮಾರಿಗೆ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಹುಟ್ಟಿದ ನಲಿ-ಕಲಿ ಕೂಡ ಇಂಥ ಕಾರ್ಡು, ಚಿತ್ರಗಳಿಂದಲೇ ನಡೆಯುವ ಪದ್ಧತಿ. ಆಮೇಲೆ ಆ ₹500 ನಿಂತಿತು. ಈಗ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ₹25,000ದವರೆಗೆ ಒಟ್ಟು ಅನುದಾನವಿದೆ. ಸೀಮೆಸುಣ್ಣ, ಶೌಚಾಲಯದ ಸ್ವಚ್ಛತೆ, ಸಣ್ಣಪುಟ್ಟ ರಿಪೇರಿ ಎಲ್ಲವೂ ಅದರಲ್ಲೇ ಆಗಬೇಕು. ಉಳಿದದ್ದಕ್ಕೆ ಶಿಕ್ಷಕರು ಸಂಬಳದಿಂದ ಹಾಕುತ್ತಾರೆ. ಅತಿಥಿ ಶಿಕ್ಷಕರಂತೂ ಗೌರವಧನದಿಂದಲೇ ಹಾಕುತ್ತಾರೆ, ಇದನ್ನು ನೆನೆದರೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಏನು ಮಾಡುತ್ತೇನೆ, ಎಷ್ಟು ಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟ ಶಿಕ್ಷಕರಿಗೆ ಎರಡು-ಮೂರು ಸಾವಿರ ಕೊಡಿ. ಒಂದು ಸನ್ಮಾನ ಸಮಾರಂಭದ ಶಾಮಿಯಾನ, ಫ್ಲೆಕ್ಸ್, ಹಾರ, ಊಟದ ಖರ್ಚಿನಲ್ಲಿ ಹಲವು ತರಗತಿಗಳು ಬದಲಾಗುತ್ತವೆ.

ದುಡ್ಡಿನ ಲೆಕ್ಕ ಯಾರು ಕೊಡುತ್ತಾರೆ ಎಂದು ಕೆಲವರು ಕೇಳುತ್ತಾರೆ. 2001ರಿಂದ ಪ್ರತಿ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇದೆ, ಅದರಲ್ಲಿ ಪಾಲಕರೇ ಸದಸ್ಯರು. ರಸೀದಿಗಳನ್ನು ಆ ಸಭೆಯಲ್ಲಿ ಇಟ್ಟು ಓದಿಸಿದರಾಯಿತು. ಹಾಗೆಂದು ಎಲ್ಲವನ್ನೂ ವರ್ತಕರೇ ಮಾಡಬೇಕೆಂದಲ್ಲ; ಶಿಕ್ಷಕರ ಖಾಲಿ ಹುದ್ದೆ ತುಂಬುವುದು ಸರ್ಕಾರದ ಹೊಣೆ. ಅದನ್ನು ಅಂಗಡಿಯವರ ಹೆಗಲಿಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ.

ವರ್ತಕ ಬಂಧುಗಳಲ್ಲಿ ಒಂದು ವಿನಂತಿ. ಮುಂದಿನ ಪುರಸ್ಕಾರಕ್ಕೆ ಹೆಸರು ಆರಿಸುವ ಮೊದಲು ನಿಮ್ಮ ಸಂಘದ ಸಭೆಯಲ್ಲಿ ನನಗೆ ಹತ್ತು ನಿಮಿಷ ಕೊಡಿ. ಓದು ಬಿಡುವ ಅಂಚಿನಲ್ಲಿರುವ ಮಕ್ಕಳ ಪಟ್ಟಿಯನ್ನು ಶಾಲೆಗಳಿಂದ ಕೇಳಿ ತರುವ ಕೆಲಸ ನನಗಿರಲಿ.

– ನಿವೃತ್ತ ಮುಖ್ಯಶಿಕ್ಷಕಿ, ಹಾವೇರಿ ಜಿಲ್ಲೆ