ಅರ್ಧ ದಿನದ ಅತಿಥಿಗಳು, ಅಳಿಯದ ಗಾಲಿಗುರುತುಗಳು

ಆಫ್ರಿಕಾದ ನೈಋತ್ಯ ಕರಾವಳಿಯಲ್ಲಿರುವ ನಮೀಬಿಯಾ ದೇಶದ ವಾಲ್ವಿಸ್ ಬೇ ಬಂದರಿಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ದೊಡ್ಡ ದೊಡ್ಡ ವಿಹಾರ ನೌಕೆಗಳು ಬರುತ್ತವೆ. 2019ರಲ್ಲಿ ವಿಸ್ತರಣೆಗೊಂಡ ಈ ಬಂದರಿನಲ್ಲಿ ಅಂತಹ ನೌಕೆಗಳಿಗೆಂದೇ ಪ್ರತ್ಯೇಕ ಧಕ್ಕೆಯೂ ನಿರ್ಮಾಣವಾಗಿದೆ. ಬೆಳಿಗ್ಗೆ ಇಳಿದ ಪ್ರವಾಸಿಗರಲ್ಲಿ ಅನೇಕರು ಸಂಜೆಯೊಳಗೆ ನೌಕೆಗೆ ಮರಳಬೇಕು. ದೊರೆತ ಕೆಲವೇ ಗಂಟೆಗಳಲ್ಲಿ ಅವರನ್ನು ಜೀಪುಗಳಲ್ಲಿ ಕೂರಿಸಿ, ಸುಮಾರು 50 ಕಿ.ಮೀ. ದಕ್ಷಿಣಕ್ಕಿರುವ ಸ್ಯಾಂಡ್‌ವಿಚ್ ಹಾರ್ಬರ್‌ಗೆ ಕರೆದೊಯ್ಯಲಾಗುತ್ತದೆ. ನಮೀಬ್-ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನದೊಳಗಿನ ಈ ತಾಣದಲ್ಲಿ ಎತ್ತರದ ಮರಳುದಿಬ್ಬಗಳು ನೇರವಾಗಿ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತವೆ. ಉಬ್ಬರದ ನೀರು ಏರುವ ಮುನ್ನ ತೀರದಗುಂಟ ಗಾಡಿ ಓಡಿಸಿ, ದಿಬ್ಬ ಹತ್ತಿಳಿಸಿ, ಮತ್ತೆ ಧಕ್ಕೆಗೆ ತಲುಪಿಸಿದರೆ ಪ್ರವಾಸ ಮುಗಿಯಿತು.

ಇದರಲ್ಲಿ ತಪ್ಪೇನಿದೆ ಎಂದು ಕೇಳುವವರಿದ್ದಾರೆ. ಮರ ಕಡಿಯುವುದಿಲ್ಲ, ಗುಡ್ಡ ಅಗೆಯುವುದಿಲ್ಲ. ಮರುಭೂಮಿಯಲ್ಲಿ ಹಾಳಾಗುವುದಕ್ಕೆ ಇರುವುದಾದರೂ ಏನು? ಮರುಭೂಮಿಯೆಂದರೆ ಬರಿದಾದ ನೆಲ ಎಂಬ ಈ ತಿಳಿವಳಿಕೆಯನ್ನೇ ನಾವು ಮೊದಲು ಪ್ರಶ್ನಿಸಬೇಕಾಗಿದೆ.

ನಮೀಬ್ ಜಗತ್ತಿನ ಅತ್ಯಂತ ಪುರಾತನ ಮರುಭೂಮಿಗಳಲ್ಲೊಂದು. ಅದರ ಕರಾವಳಿಯಲ್ಲಿ ಬೀಳುವ ಮಳೆ ವರ್ಷಕ್ಕೆ ಸರಾಸರಿ 20 ಮಿ.ಮೀ.ಗೂ ಕಡಿಮೆ. ಆಗುಂಬೆಯಲ್ಲಿ ಆಷಾಢದ ಒಂದು ಜಡಿಮಳೆ ಗಂಟೆಯೊಳಗೆ ಸುರಿಸಿಬಿಡುವ ನೀರು ಅದು. ಅಲ್ಲಿನ ಜೀವಿಗಳನ್ನು ಸಲಹುತ್ತಿರುವುದು ಮಂಜು. ದಕ್ಷಿಣದಿಂದ ಹರಿದುಬರುವ ಬೆಂಗ್ವೆಲಾ ಎಂಬ ಶೀತಲ ಸಾಗರ ಪ್ರವಾಹದ ಮೇಲೆ ಹುಟ್ಟುವ ಮಂಜು ಬೆಳಗಿನ ಜಾವ ನೆಲದೊಳಕ್ಕೆ ಹಬ್ಬುತ್ತದೆ. ಒಂದು ಜಾತಿಯ ಜೀರುಂಡೆ ದಿಬ್ಬದ ನೆತ್ತಿಗೇರಿ, ತಲೆ ಕೆಳಗೆ ಮಾಡಿ ನಿಂತು, ಬೆನ್ನಿನ ಮೇಲೆ ಕೂಡಿದ ಹನಿ ಬಾಯಿಗೆ ಇಳಿಯುವಂತೆ ಮಾಡಿಕೊಳ್ಳುತ್ತದೆ. ಜಲ್ಲಿಕಲ್ಲಿನ ಬಯಲುಗಳಲ್ಲಿ ಕಲ್ಲುಹೂವು ಎಕರೆಗಟ್ಟಲೆ ಹರಡಿಕೊಂಡು ಇದೇ ಮಂಜನ್ನು ಹೀರಿ ಬದುಕುತ್ತದೆ. ನಮ್ಮ ಮಲೆನಾಡಿನ ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವಿನ ಬಂಧುಗಳೇ ಅವು.

ಮರಳುದಿಬ್ಬದ ಮೇಲೆ ಬಿದ್ದ ಗಾಲಿಗುರುತನ್ನು ಗಾಳಿ ಅಳಿಸಿಹಾಕುತ್ತದೆ, ನಿಜ. ಆದರೆ ಜಲ್ಲಿಬಯಲಿನ ಕಥೆ ಬೇರೆ. ಅಲ್ಲಿ ಮೇಲ್ಮಣ್ಣನ್ನು ಹಿಡಿದಿಟ್ಟಿರುವುದು ಜಿಪ್ಸಂನ ತೆಳುವಾದ ಹೆಪ್ಪು ಮತ್ತು ಕಲ್ಲುಹೂವಿನ ಪದರ. ಒಂದು ಗಾಡಿ ಹಾದುಹೋದರೆ ಆ ಹೆಪ್ಪು ಒಡೆಯುತ್ತದೆ. ಕಲ್ಲುಹೂವು ಮತ್ತೆ ಹಬ್ಬುವುದು ಬಹು ನಿಧಾನ. ನಮ್ಮಲ್ಲಿ ನಡೆಯುವವರಿಲ್ಲದ ಕಾಲುಹಾದಿ ಎರಡು ಮಳೆಗಾಲದಲ್ಲಿ ಹುಲ್ಲಿನಡಿ ಮುಚ್ಚಿಹೋಗುತ್ತದೆ. ಮಳೆಯೇ ಇಲ್ಲದ ಆ ನೆಲದಲ್ಲಿ ಗಾಲಿಗುರುತು ದಶಕಗಳವರೆಗೆ ಹಾಗೆಯೇ ಉಳಿದಿರುತ್ತದೆ. ಗಾಡಿ ಓಡಿಸಿದವನ ಮೊಮ್ಮಗನೂ ಅದನ್ನು ನೋಡಬಹುದು.

ಅದೇ ಬಯಲುಗಳಲ್ಲಿ ಡಮಾರಾ ರೀವ ಎಂಬ ಪುಟ್ಟ ಕಡಲಹಕ್ಕಿ ಸಂತಾನವೃದ್ಧಿ ಮಾಡುತ್ತದೆ. ಗೂಡು ಕಟ್ಟದೆ, ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಡುವ ಹಕ್ಕಿ ಇದು. ಕಲ್ಲಿನ ಬಣ್ಣದ ಆ ಮೊಟ್ಟೆ ನರಿಯ ಕಣ್ಣಿಗೆ ಬೀಳದಿರಬಹುದು. ಆದರೆ ಜೀಪಿನ ಚಾಲಕನಿಗೂ ಅದು ಕಾಣುವುದಿಲ್ಲ. ಈ ಹಕ್ಕಿಗಳ ಬಹುಪಾಲು ಮರಿಮಾಡುವುದು ನಮೀಬಿಯಾದಲ್ಲೇ, ಅದೂ ನೌಕೆಗಳು ಬರುವ ಬೇಸಿಗೆಯ ತಿಂಗಳುಗಳಲ್ಲೇ. ಸ್ವಾಕೋಪ್‌ಮುಂಡ್ ಪಟ್ಟಣದ ಬಳಿ ಹಕ್ಕಿಗಳು ಮೊಟ್ಟೆಯಿಡುವ ಜಾಗಕ್ಕೆ ವಾಹನಗಳು ನುಗ್ಗದಂತೆ ಬೇಲಿ ಹಾಕಿದಾಗ ಮರಿಗಳ ಸಂಖ್ಯೆ ಸುಧಾರಿಸಿತು. ಅಷ್ಟು ಸಣ್ಣ ಕ್ರಮದಿಂದ ಫಲ ದೊರೆಯಿತೆಂದರೆ, ಹಾನಿಗೆ ಕಾರಣ ಯಾವುದೆಂಬುದೂ ಸ್ಪಷ್ಟವಾಯಿತು.

ನಮೀಬಿಯಾ ಈ ವಿಷಯದಲ್ಲಿ ಕುರುಡಾಗಿಲ್ಲ. ನೈಸರ್ಗಿಕ ಸಂಪತ್ತನ್ನು ಎಲ್ಲ ಪ್ರಜೆಗಳ ಹಿತಕ್ಕಾಗಿ ಕಾಪಾಡಬೇಕೆಂದು 1990ರ ಅದರ ಸಂವಿಧಾನದ 95ನೆಯ ವಿಧಿಯೇ ಹೇಳುತ್ತದೆ. ರಾಜಹಂಸಗಳು ನೆರೆಯುವ ವಾಲ್ವಿಸ್ ಬೇ ಹಿನ್ನೀರು ಮತ್ತು ಸ್ಯಾಂಡ್‌ವಿಚ್ ಹಾರ್ಬರ್ ಎರಡೂ 1995ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿವೆ. 2010ರಲ್ಲಿ ಡೊರೊಬ್ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿ, ಗೊತ್ತುಪಡಿಸಿದ ದಾರಿ ಬಿಟ್ಟು ವಾಹನ ಓಡಿಸುವುದಕ್ಕೆ ನಿರ್ಬಂಧ ಬಂತು. ಕಾನೂನಿದೆ. ಆದರೆ ಒಂದೇ ಬೆಳಿಗ್ಗೆ ಸಾವಿರಾರು ಜನ ಇಳಿದಾಗ, ಎಲ್ಲರಿಗೂ ಸಂಜೆಯೊಳಗೆ ಎಲ್ಲವನ್ನೂ ತೋರಿಸುವ ಆತುರದಲ್ಲಿ ಕಾನೂನಿನ ಮೇಲೆ ಬೀಳುವ ಒತ್ತಡ ಎಷ್ಟೆಂಬುದನ್ನು ಊಹಿಸಬಹುದು.

ಲಾಭದ ಪ್ರಶ್ನೆಯೂ ಇದೆ. ಚಾಲಕರಿಗೆ, ಮಾರ್ಗದರ್ಶಿಗಳಿಗೆ, ಕರಕುಶಲ ವಸ್ತು ಮಾರುವವರಿಗೆ ಆ ದಿನ ಸಂಪಾದನೆಯಾಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ವಿಹಾರ ನೌಕೆಯ ಪ್ರವಾಸಿ ಉಣ್ಣುವುದು, ಮಲಗುವುದು ನೌಕೆಯಲ್ಲೇ. ದಡದ ಪ್ರವಾಸದ ಚೀಟಿಯನ್ನೂ ಹೆಚ್ಚಾಗಿ ನೌಕೆಯ ಕಂಪನಿಯಿಂದಲೇ ಕೊಳ್ಳುತ್ತಾನೆ. ಕುಯ್ಸೆಬ್ ನದಿಯ ದಂಡೆಯಲ್ಲಿ, ಉದ್ಯಾನದ ಒಳಗೇ ತಲೆಮಾರುಗಳಿಂದ ಬಾಳುತ್ತಿರುವ ಟೋಪ್ನಾರ್ ಜನರಿದ್ದಾರೆ. ಎಲೆಯಿಲ್ಲದ ಮುಳ್ಳುಪೊದೆಯಲ್ಲಿ ಬಿಡುವ ನಾರಾ ಕಾಯಿಯ ತಿರುಳು ಮತ್ತು ಬೀಜ ಅವರ ಪಾರಂಪರಿಕ ಆಹಾರ. ಯಾವ ದಾರಿ ತೆರೆದಿರಬೇಕು, ಯಾವ ತಿಂಗಳು ಮುಚ್ಚಿರಬೇಕು ಎಂಬ ನಿರ್ಧಾರದಲ್ಲಿ ಅಂತಹವರ ಮಾತಿಗೆ ಬೆಲೆಯಿರಬೇಕು.

ಇಷ್ಟು ದೂರದ ವಿಷಯ ನಮಗೇಕೆ? ನವಮಂಗಳೂರು ಬಂದರಿಗೂ ಹಲವು ವರ್ಷಗಳಿಂದ ವಿಹಾರ ನೌಕೆಗಳು ಬರುತ್ತಿವೆ. ಅವರ ಬಸ್ಸುಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನವರೆಗೆ ಬಂದು ಸಂಜೆಗೆ ಹಿಂತಿರುಗುತ್ತವೆ. ಅಲ್ಲಿಂದ ಘಟ್ಟದ ಬುಡ ಬಹು ದೂರವೇನಲ್ಲ. ಇತ್ತ ನೌಕೆಯ ನಂಟಿಲ್ಲದೆಯೂ ಅರ್ಧ ದಿನದ ಅತಿಥಿಗಳು ನಮ್ಮ ಗುಡ್ಡಗಳಿಗೆ ಬರುತ್ತಲೇ ಇದ್ದಾರೆ. ನೆತ್ತಿಯ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಬಗೆದು ಜೀಪು ಹತ್ತಿಸುತ್ತಿದ್ದಾರೆ. ನಮೀಬಿನಲ್ಲಿ ಗುರುತು ಹಾಗೆಯೇ ಉಳಿಯುತ್ತದೆ. ನಮ್ಮಲ್ಲಿ ಅದೇ ಗುರುತು ಮಳೆನೀರಿಗೆ ಕಾಲುವೆಯಾಗಿ ಗುಡ್ಡವನ್ನೇ ಕೊರೆಯುತ್ತದೆ.

ಬರುವವರನ್ನು ಬರಬೇಡಿ ಎನ್ನುವುದು ನಮ್ಮ ವಾದವಲ್ಲ. ಎಷ್ಟು ಗಾಡಿ, ಯಾವ ದಾರಿ, ಯಾವ ಕಾಲ ಎಂಬುದನ್ನು ನೆಲದ ತಾಳಿಕೆ ನೋಡಿ, ಅಲ್ಲಿ ಬದುಕುವವರನ್ನು ಕೇಳಿ, ಮೊದಲೇ ಗೊತ್ತುಮಾಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಎತ್ತೋಣ. ವಿದ್ಯಾರ್ಥಿ ಮಿತ್ರರು ಒಂದು ಭಾನುವಾರ ತಮ್ಮೂರಿನ ಗುಡ್ಡದ ಬುಡದಲ್ಲಿ ಕುಳಿತು, ಹತ್ತುವ ಗಾಡಿಗಳನ್ನು ಎಣಿಸಿ ಬರೆದಿಡಲಿ. ಸಭೆಯಲ್ಲಿ ಮಾತನಾಡಲು ನಮಗೆ ಆ ಲೆಕ್ಕ ಬೇಕು.