ಒಂದು ನಿಮಿಷದ ಸೀರಿಯಲ್, ಒಂದು ವರ್ಷದ ಪಾಠ



ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ಇಬ್ಬರು ಅಪ್ಪಂದಿರ ಮಾತು ಕಿವಿಗೆ ಬಿತ್ತು. ಒಬ್ಬರ ಮಗ ಎ-ಲೆವೆಲ್‌ಗೆ ಗಣಿತ, ಭೌತಶಾಸ್ತ್ರದ ಜೊತೆ ಮೀಡಿಯಾ ಸ್ಟಡೀಸ್ ತೆಗೆದುಕೊಳ್ಳುತ್ತೇನೆ ಅಂತ ಹಟ ಹಿಡಿದಿದ್ದಾನಂತೆ. "ಟಿವಿ ನೋಡಿ ಮಾರ್ಕ್ಸ್ ತಗೊಳ್ಳೋ ಸಬ್ಜೆಕ್ಟ್ ಕಣ್ರೀ ಅದು. ಇದಕ್ಕಾ ನಾವು ಇಷ್ಟು ದೂರ ಬಂದಿದ್ದು?" ಅಂದರು ಅವರು. ಇನ್ನೊಬ್ಬರು ಬಡಿಸುವವರಿಗೆ "ಬಿಸಿಬೇಳೆಬಾತ್ ಇನ್ನೂ ಸ್ವಲ್ಪ ಹಾಕಿ" ಅಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ನಾನೂ ಬಾಯಿ ಬಿಡಲಿಲ್ಲ. ಪರಿಚಯವಿಲ್ಲದವರ ಮನೆಯ ವಿಷಯ, ನನಗೇಕೆ ಅಂತ ತಟ್ಟೆ ಹಿಡಿದು ಮುಂದೆ ಹೋದೆ. ಆದರೆ ಕಾರಿನಲ್ಲಿ ಮನೆಗೆ ಬರುವಾಗ ಮನಸ್ಸು ಚುಚ್ಚುತ್ತಲೇ ಇತ್ತು. ಯಾಕೆಂದರೆ ಆ ವಿಷಯದ ಬಗ್ಗೆ ಒಂದು ಕಾಲದಲ್ಲಿ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಅದನ್ನು ಬದಲಿಸಿದವಳು ಹದಿನೇಳು ವರ್ಷದ ಒಬ್ಬ ಹುಡುಗಿ. ಅಂದು ಸಾಲಿನಲ್ಲಿ ನಿಂತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2013ರಲ್ಲಿ ಕಂಪನಿಯ ಕೆಲಸದ ಮೇಲೆ ರೆಡಿಂಗ್‌ಗೆ ಬಂದಾಗ ಒಂದು ಕನ್ನಡ ಕುಟುಂಬದ ಮನೆಯ ಮಹಡಿಯ ರೂಮಿನಲ್ಲಿ ಬಾಡಿಗೆಗೆ ಇದ್ದೆ. ಅಂಕಲ್, ಆಂಟಿ, ಅವರ ಮಗಳು, ಜೊತೆಗೆ ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ಅಜ್ಜಿ. ಹುಡುಗಿ ಆಗ ಎ-ಲೆವೆಲ್‌ನ ಎರಡನೇ ವರ್ಷ. ಒಂದು ರಾತ್ರಿ ಬಾಗಿಲು ತಟ್ಟಿ, "ಅಣ್ಣಾ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಎಷ್ಟಿದೆ?" ಅಂತ ಕೇಳಿದಳು. ಮೀಡಿಯಾ ಸ್ಟಡೀಸ್‌ನ ಕೋರ್ಸ್‌ವರ್ಕ್ ಮಾಡಬೇಕಿತ್ತಂತೆ. ಇಲ್ಲದ ಒಂದು ಹೊಸ ಸೋಪ್ ಅನ್ನು, ಅಂದರೆ ನಮ್ಮ ಮೆಗಾ ಸೀರಿಯಲ್‌ನಂಥದ್ದನ್ನು, ಕಲ್ಪಿಸಿಕೊಂಡು ಅದರ ಟಿವಿ ಟ್ರೇಲರ್ ಮಾಡಬೇಕು. ಅದರ ಜೊತೆಗೆ ಟಿವಿ ಕಾರ್ಯಕ್ರಮಗಳ ವಾರಪತ್ರಿಕೆಯೊಂದರ ಮುಖಪುಟ, ಒಂದು ಪೋಸ್ಟರ್. ಸೀರಿಯಲ್ ಮಾತ್ರ ಮಾಡುವ ಹಾಗಿಲ್ಲ! ಊಟವಿಲ್ಲದೆ ಬರೀ ಮದುವೆಯ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದ ಹಾಗೆ ಅಂತ ನಾನು ನಕ್ಕೆ. "ಇದೇನು ಮಹಾ, ಎರಡು ವೀಕೆಂಡ್ ಕೆಲಸ" ಅಂದೆ.

ಅದು ಮುಗಿದದ್ದು ಮರುವರ್ಷದ ವಸಂತದಲ್ಲಿ!

ಒಸಿಆರ್ ಪರೀಕ್ಷಾ ಮಂಡಳಿಯ ಆಗಿನ ಪಠ್ಯಕ್ರಮದಲ್ಲಿ ಈ ಕೆಲಸಕ್ಕೆ 100 ಅಂಕ. ಟ್ರೇಲರ್‌ಗೆ 40, ಮುಖಪುಟ ಮತ್ತು ಪೋಸ್ಟರ್‌ಗೆ ತಲಾ 10. ಉಳಿದ 40 ಎಲ್ಲಿ ಹೋಯಿತು? ಸಂಶೋಧನೆ ಮತ್ತು ತಯಾರಿಗೆ 20, ಮುಗಿದ ಮೇಲೆ ತನ್ನ ಕೆಲಸವನ್ನು ತಾನೇ ವಿಮರ್ಶಿಸುವುದಕ್ಕೆ 20. ಅಂದರೆ ಕ್ಯಾಮೆರಾ ಮುಟ್ಟುವ ಮೊದಲು ನಿಜವಾದ ಸೋಪ್‌ಗಳ ಟ್ರೇಲರ್‌ಗಳನ್ನು ಶಾಟ್ ಶಾಟ್ ಆಗಿ ಬಿಡಿಸಿ ನೋಡಬೇಕು. ಯಾರು ನೋಡುತ್ತಾರೆ, ಯಾಕೆ ನೋಡುತ್ತಾರೆ ಅಂತ ಪ್ರಶ್ನಾವಳಿ ಹಂಚಬೇಕು. ಸ್ಟೋರಿಬೋರ್ಡ್ ಬರೆಯಬೇಕು. ಚಿತ್ರೀಕರಣದ ಜಾಗದಲ್ಲಿ ಯಾರಾದರೂ ಜಾರಿ ಬಿದ್ದರೆ ಏನು ಗತಿ ಅಂತ ಫಾರಂ ತುಂಬಬೇಕು. ಮುಖಪುಟದ ಫೋಟೋ ಸ್ವಂತದ್ದೇ ಆಗಿರಬೇಕು, ಎಲ್ಲಿಂದಲೋ ಇಳಿಸಿಕೊಂಡದ್ದು ನಡೆಯುವುದಿಲ್ಲ. ಕೊನೆಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ: ಈ ಬಗೆಯ ಕಾರ್ಯಕ್ರಮಗಳ ರೂಢಿಯನ್ನು ಎಲ್ಲಿ ಪಾಲಿಸಿದೆ, ಎಲ್ಲಿ ಮುರಿದೆ? ಮೂರೂ ತುಣುಕುಗಳು ಒಂದಕ್ಕೊಂದು ಹೊಂದುತ್ತವೆಯೇ? ನೋಡಿದವರ ಅಭಿಪ್ರಾಯದಿಂದ ಏನು ಕಲಿತೆ? ತಂತ್ರಜ್ಞಾನವನ್ನು ಹೇಗೆ ಬಳಸಿದೆ?

ನಿಜ ಹೇಳುತ್ತೇನೆ, ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ "ನೀನು ಮಾಡಿದ್ದನ್ನು ಯಾರು ಬಳಸುತ್ತಾರೆ, ಅವರನ್ನು ಕೇಳಿದೆಯಾ?" ಅಂತ ನನ್ನನ್ನು ಒಬ್ಬರೂ ಕೇಳಿರಲಿಲ್ಲ. ನನ್ನ ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಅತಿ ಹೆಚ್ಚು ಕಾಳಜಿ ವಹಿಸಿದ್ದು ರಿಪೋರ್ಟಿನ ಹೊದಿಕೆಯ ಮೇಲಿನ ಚಿನ್ನದ ಬಣ್ಣದ ಅಕ್ಷರಗಳಿಗೆ.

ಅವಳ ಸಂಶೋಧನೆಯಿಂದ ನನಗೂ ಒಂದಿಷ್ಟು ಜ್ಞಾನೋದಯವಾಯಿತು. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಗೃಹಿಣಿಯರಿಗಾಗಿ ಬರುತ್ತಿದ್ದ ಹಗಲು ಧಾರಾವಾಹಿಗಳಿಗೆ ಸಾಬೂನು ಕಂಪನಿಗಳು ಹಣ ಹಾಕುತ್ತಿದ್ದವು. 'ಸೋಪ್' ಅನ್ನುವ ಹೆಸರು ಬಂದದ್ದು ಅಲ್ಲಿಂದ. ಅಂದರೆ ಮೊದಲಿನಿಂದಲೂ ಇದು ಕಥೆಯೂ ಹೌದು, ವ್ಯಾಪಾರವೂ ಹೌದು. ಈ ದೇಶದಲ್ಲಿ 'ದಿ ಆರ್ಚರ್ಸ್' 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರವಾದಾಗ ಅದರ ಒಂದು ಉದ್ದೇಶ ರೈತರಿಗೆ ಬೇಸಾಯದ ಮಾಹಿತಿ ತಲುಪಿಸುವುದು. 1960ರ ಡಿಸೆಂಬರ್ 9ರಂದು 'ಕೊರೊನೇಶನ್ ಸ್ಟ್ರೀಟ್' ಶುರುವಾದಾಗ ಅದನ್ನು ಕಲ್ಪಿಸಿದ ಟೋನಿ ವಾರನ್‌ಗೆ 24 ವರ್ಷ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಾಮಾನ್ಯ ಬೀದಿಯ ಜನ ಮಾತಾಡುವ ಹಾಗೆಯೇ ಮಾತಾಡಿಸಿದ. ಅದೇ ಗೆದ್ದಿತು. ನಮ್ಮ ಟಿ.ಎನ್. ಸೀತಾರಾಮ್ ಅವರ ಸೀರಿಯಲ್‌ಗಳ ಕೋರ್ಟ್ ದೃಶ್ಯಕ್ಕೆ ಊಟ ಬಿಟ್ಟು ಕೂತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಪ್ರಚಾರದ ವಿಷಯ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಗಾದೆ ಇದೆಯಲ್ಲ, ಟ್ರೇಲರ್ ಅನ್ನುವುದು ಬಡಿಸುವ ಕೆಲಸ. ಕಥೆ ಪೂರ್ತಿ ಹೇಳಬಾರದು, ಹೇಳದೆಯೂ ಇರಬಾರದು. ಅವಳು ಒಂದು ನಿಮಿಷ ಅಂತ ಇಟ್ಟುಕೊಂಡಳು. ಸೋಪ್‌ನ ಹೆಸರು, ವಾರ, ಸಮಯದ ಫಲಕಕ್ಕೆ ಐದು ಸೆಕೆಂಡ್ ಹೋದರೆ ಉಳಿದದ್ದು 55. ಅಷ್ಟರಲ್ಲಿ ಒಂದು ಬೀದಿ, ಅಲ್ಲಿನ ಮೂರು ಮನೆ, ಒಂದು ಜಗಳ, ಒಂದು ಗುಟ್ಟು!

ಮೊದಲ ಟ್ರೇಲರ್ ತಯಾರಾಯಿತು. ಬೀದಿಯ ಕೊನೆಯ ಮನೆಗೆ ಒಂದು ಭಾರತೀಯ ಕುಟುಂಬ ಬರುತ್ತದೆ. ಫೋನಿನಲ್ಲಿ ಹುಡುಗನೊಬ್ಬನ ಮೆಸೇಜು. ಅಪ್ಪ ಮೇಜು ಗುದ್ದುತ್ತಾನೆ. ಕೆಂಪು ರೇಷ್ಮೆ ಸೀರೆ, ಬಳೆ, ಅಳುವ ಹುಡುಗಿ, ಧಡಾರ್ ಅಂತ ಮುಚ್ಚುವ ಬಾಗಿಲು. ತಾಂತ್ರಿಕವಾಗಿ ಸೊಗಸಾಗಿತ್ತು. ನಾನು ಭೇಷ್ ಅಂದೆ.

ಅಂಕಲ್ ನೋಡಿದರು. "ನಮ್ಮ ಮನೇಲಿ ಯಾವತ್ತು ಹೀಗೆ ನಡೆದಿದೆ? ನಿನ್ನ ಅಪ್ಪ ಹೀಗಾ? ಇದನ್ನ ನೋಡಿ ನಿನ್ನ ಟೀಚರ್ ನನ್ನ ಬಗ್ಗೆ ಏನಂದ್ಕೋತಾರೆ?" ಅಂತ ಕೂಗಿದರು. ಕೂಗುತ್ತಾ ಮೇಜು ಗುದ್ದಿದರು! ನನಗೆ ನಗು ತಡೆಯಲು ಆಗಲಿಲ್ಲ. ಹುಡುಗಿಗೆ ನಗು ಬರಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಆದರೆ ಅವಳನ್ನು ಅಲ್ಲಾಡಿಸಿದ್ದು ಅಪ್ಪನ ಕೋಪವಲ್ಲ. ತರಗತಿಯಲ್ಲಿ ಟ್ರೇಲರ್ ತೋರಿಸಿ ಅಭಿಪ್ರಾಯ ಬರೆಸಿಕೊಂಡಾಗ ಅನೇಕರು ಬರೆದ ಪದ 'ರಿಯಲಿಸ್ಟಿಕ್'. ಆ ಚೀಟಿಗಳನ್ನು ನನಗೆ ತೋರಿಸಿ ಕೇಳಿದಳು, "ಇವರಲ್ಲಿ ಯಾರೂ ನಮ್ಮಂಥ ಮನೆ ಒಳಗೆ ಕಾಲಿಟ್ಟಿಲ್ಲ ಅಣ್ಣಾ. ಹಾಗಿದ್ರೆ ಇದು ರಿಯಲ್ ಅಂತ ಅವರಿಗೆ ಹೇಗೆ ಗೊತ್ತು?"

ಗೊತ್ತಾಗಿದ್ದು ಟಿವಿಯಿಂದ. 1985ರಲ್ಲಿ 'ಈಸ್ಟ್‌ಎಂಡರ್ಸ್' ಶುರುವಾದಾಗಿನ ಪಾತ್ರವರ್ಗದಲ್ಲೇ ಅಂಗಡಿ ನಡೆಸುವ ಒಂದು ಬಾಂಗ್ಲಾದೇಶಿ ದಂಪತಿ ಇದ್ದರು. ಅವರ ಕಥೆಯೂ ಹಿರಿಯರು ಮಾಡಿಸಿದ ಮದುವೆ ಮುರಿದು ಬೀಳುವ ಕಥೆಯೇ. ಅವಳ ಪಠ್ಯದಲ್ಲಿ ಸ್ಟುವರ್ಟ್ ಹಾಲ್ ಅನ್ನುವ ಚಿಂತಕನ ಪಾಠವಿತ್ತು. ಜಮೈಕಾದಲ್ಲಿ ಹುಟ್ಟಿ, ಓದಲು ಇಂಗ್ಲೆಂಡಿಗೆ ಬಂದು, ಇಲ್ಲೇ ನೆಲೆಸಿದವರು. ಮಾಡಿದವರು ಒಂದು ಅರ್ಥ ತುಂಬುತ್ತಾರೆ, ನೋಡುವವರು ಅದನ್ನು ಒಪ್ಪಬಹುದು, ಅರ್ಧ ಒಪ್ಪಬಹುದು, ತಿರಸ್ಕರಿಸಬಹುದು ಅನ್ನುವುದು ಅವರ ವಾದದ ಸಾರ. ಕ್ಲಾಸು ಒಪ್ಪಿತ್ತು, ಅಂಕಲ್ ತಿರಸ್ಕರಿಸಿದ್ದರು. ಪುಸ್ತಕದಲ್ಲಿ ಓದಿದ್ದು ಅವಳ ಮನೆಯ ಊಟದ ಮೇಜಿನ ಮೇಲೇ ನಡೆದಿತ್ತು.

ಹಾಗಿದ್ದರೆ ಅವಳೇ ಯಾಕೆ ಆ ಕಥೆ ಆರಿಸಿಕೊಂಡಳು? ಉತ್ತರವನ್ನೂ ಅವಳೇ ಹೇಳಿದಳು. ಸಮಯ ಸಾಲದು ಅಂತ. 55 ಸೆಕೆಂಡಿನಲ್ಲಿ ಎಲ್ಲರಿಗೂ ಅರ್ಥವಾಗಬೇಕೆಂದರೆ ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಹೇಳುವುದು ಸುಲಭ. ಕೆಂಪು ಸೀರೆ ತೋರಿಸಿದರೆ ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ನಮ್ಮ ಬಗ್ಗೆ ಸವಕಲು ಚಿತ್ರಗಳು ಹುಟ್ಟುವುದಕ್ಕೆ ದ್ವೇಷವೇ ಬೇಕಿಲ್ಲ, ಅವಸರ ಸಾಕು. ನೋಡಿ, ಇದನ್ನು ನಾನು ಎಷ್ಟು ಭಾಷಣ ಕೇಳಿದ್ದರೂ ಕಲಿಯುತ್ತಿರಲಿಲ್ಲ. ಅವಳು ಮಾಡಿ ಕಲಿತಳು.

"ನಿಮ್ಮನೆಯಲ್ಲಿ ನಿಜವಾಗಿ ನಡೆಯುತ್ತಿರೋದು ಏನು?" ಅಂತ ಕೇಳಿದೆ. "ಏನೂ ಇಲ್ಲ. ಅಜ್ಜಿ ಜನವರಿಗೆ ವಾಪಸ್ ಹೋಗ್ತಾರೆ, ಅಷ್ಟೇ. ಅದು ಸ್ಟೋರಿ ಅಲ್ಲ ಅಣ್ಣಾ, ಅದು ಲೈಫು" ಅಂದಳು. ಅಂದವಳು ಸುಮ್ಮನಾದಳು. ಮರುದಿನ ಹೊಸ ಸ್ಟೋರಿಬೋರ್ಡ್ ಶುರುವಾಯಿತು.

ಇಲ್ಲಿರುವ ನಮಗೆಲ್ಲ ಅದು ಎಂಥ ಕಥೆ ಅಂತ ಗೊತ್ತು. 2012ರ ಜುಲೈನಲ್ಲಿ ನಿಯಮ ಬಿಗಿಯಾದ ಮೇಲೆ ವಯಸ್ಸಾದ ಅಪ್ಪ ಅಮ್ಮನನ್ನು ಇಲ್ಲಿಗೆ ಕಾಯಂ ಕರೆಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕು, ಅದು ಊರಿನಲ್ಲಿ ಸಿಗುವುದೇ ಇಲ್ಲ ಅಂತ ಸಾಬೀತು ಮಾಡಬೇಕು. ಹಾಗಾಗಿ ಆರು ತಿಂಗಳು ಇಲ್ಲಿ, ಮತ್ತೆ ಊರಲ್ಲಿ ಒಂಟಿ.

ಹೊಸ ಟ್ರೇಲರ್‌ನಲ್ಲಿ ಯಾರೂ ಕೂಗಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಜ್ಜಿ ದಿನ ಹೊಡೆದು ಹಾಕುವ ಕೈ. ಬೇಲಿಯಾಚೆಯ ಇಂಗ್ಲಿಷ್ ಮುದುಕಿಗೆ ಸ್ಟೀಲ್ ಡಬ್ಬಿಯಲ್ಲಿ ಏನೋ ದಾಟಿಸುವುದು. ಅಪ್ಪ ಕಿಟಕಿಯ ಬಳಿ ನಿಂತು ವಕೀಲರ ಫೋನಿಗೆ ತಲೆಯಾಡಿಸುವುದು. ಕೊನೆಗೆ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಸೂಟ್‌ಕೇಸು, ಮುಳ್ಳು ನಡುಗಿ ನಿಲ್ಲುವುದು. ಅಷ್ಟೇ. ಅಪ್ಪನ ಪಾತ್ರಕ್ಕೆ ಅಂಕಲ್, ಅಜ್ಜಿಯ ಪಾತ್ರಕ್ಕೆ ಅಜ್ಜಿ. ಪೋಸ್ಟರ್‌ನಲ್ಲಿ ಅದೇ ಸೂಟ್‌ಕೇಸು. ಪತ್ರಿಕೆಯ ಮುಖಪುಟದಲ್ಲಿ, ಆ ಪತ್ರಿಕೆಗಳ ರೂಢಿಯಂತೆ, ಅಜ್ಜಿ ನೇರವಾಗಿ ಕ್ಯಾಮೆರಾ ನೋಡುತ್ತಿದ್ದರು. "ಹಲ್ಲುಸೆಟ್ಟು ಹಾಕ್ಕೋತೀನಿ ಇರು" ಅಂತ ಅದಕ್ಕಾಗಿ ಅರ್ಧ ಗಂಟೆ ಕಾಯಿಸಿದ್ದರು.

ಕ್ಲಾಸಿನವರಿಗೆ ಅರ್ಥವಾಯಿತೇ? ವೀಸಾದ ನಿಯಮ ಅರ್ಥವಾಗಲಿಲ್ಲ. ಆದರೆ 'ಯಾರೋ ಹೋಗುತ್ತಿದ್ದಾರೆ, ಯಾರಿಗೂ ಇಷ್ಟವಿಲ್ಲ' ಅಂತ ಎಲ್ಲರೂ ಬರೆದರು. ಟ್ರೇಲರ್‌ಗೆ ಅಷ್ಟು ಸಾಕು. ಅಂಕಲ್ ಎರಡು ಸಲ ನೋಡಿ, ಏನೂ ಅನ್ನದೆ ಹಿತ್ತಲಿಗೆ ಹೋದರು. ಅಜ್ಜಿ ಆಗಲೇ ಮೈಸೂರಿನಲ್ಲಿದ್ದರು.

ನಾನೊಂದು ತಪ್ಪು ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ರಾತ್ರಿ ಅವಳಿಗೆ ಹೇಳದೆ ಎಡಿಟಿಂಗ್ 'ಸರಿ' ಮಾಡಿಟ್ಟೆ. ದೃಶ್ಯಗಳ ಮಧ್ಯೆ ನಯವಾದ ಡಿಸಾಲ್ವ್, ಹಿನ್ನೆಲೆಗೆ ಪಿಟೀಲು. ಬೆಳಗ್ಗೆ ನೋಡಿ ಎಲ್ಲ ಅಳಿಸಿದಳು. "ಇದು ನನ್ನದೇ ಕೆಲಸ ಅಂತ ನಾನು ಸೈನ್ ಮಾಡಬೇಕು ಅಣ್ಣಾ" ಅಂದಳು. ನನ್ನ ಇಂಜಿನಿಯರಿಂಗ್ ಗೆಳೆಯರಲ್ಲಿ ಎಷ್ಟು ಜನ ಆ ಮಾತು ಹೇಳುತ್ತಿದ್ದರು? ನಾನಂತೂ ಹೇಳುತ್ತಿರಲಿಲ್ಲ.

ಈಗ ಆ ಅಪ್ಪನ ಆತಂಕಕ್ಕೆ ಬರೋಣ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಮಗ ಮೆಡಿಸಿನ್‌ಗೋ ಇಂಜಿನಿಯರಿಂಗ್‌ಗೋ ಹೋಗಬೇಕೆಂದಿದ್ದರೆ ಆ ಕೋರ್ಸಿಗೆ ಯಾವ ವಿಷಯ ಕಡ್ಡಾಯ ಅಂತ ಮೊದಲು ನೋಡಲೇಬೇಕು. ಮುಂಚೂಣಿಯ ವಿಶ್ವವಿದ್ಯಾಲಯಗಳ ರಸೆಲ್ ಗ್ರೂಪ್ ಒಂದು ಕಾಲದಲ್ಲಿ ಆದ್ಯತೆಯ ವಿಷಯಗಳ ಪಟ್ಟಿ ಇಟ್ಟಿತ್ತು, ಮೀಡಿಯಾ ಸ್ಟಡೀಸ್ ಅದರಲ್ಲಿರಲಿಲ್ಲ. ಆದರೆ ಆ ಪಟ್ಟಿಯನ್ನು ಅವರೇ 2019ರಲ್ಲಿ ಕೈಬಿಟ್ಟರು. ವಿಷಯವೂ ಮೊದಲಿನಂತಿಲ್ಲ. 2017ರಿಂದ ಬಂದ ಹೊಸ ಪಠ್ಯಕ್ರಮದಲ್ಲಿ ಕೋರ್ಸ್‌ವರ್ಕ್‌ಗೆ ಶೇಕಡ 30, ಉಳಿದ 70 ಲಿಖಿತ ಪರೀಕ್ಷೆ. ಟಿವಿ ನೋಡಿಕೊಂಡು ಪಾಸಾಗುವ ಮಾತೇ ಇಲ್ಲ. ಭೌತಶಾಸ್ತ್ರ, ಗಣಿತದ ಜೊತೆಗೆ ಮೂರನೆಯದಾಗಿ ಹುಡುಗ ಇದನ್ನು ಕೇಳುತ್ತಿದ್ದರೆ, ನನ್ನ ಮತ ಹುಡುಗನಿಗೆ.

ಯಾಕೆಂದರೆ ನಮ್ಮ ಮಕ್ಕಳು ದಿನವಿಡೀ ಫೋನಿನಲ್ಲಿ ಒಂದು ನಿಮಿಷದ ವಿಡಿಯೋಗಳನ್ನೇ ನುಂಗುತ್ತಿದ್ದಾರೆ. ಅದನ್ನು ತಡೆಯಲು ನಮ್ಮಿಂದ ಆಗುತ್ತಿಲ್ಲ. ಒಂದು ನಿಮಿಷದಲ್ಲಿ ಏನನ್ನು ಬಿಡಲಾಗಿದೆ, ಯಾರು ಯಾಕೆ ಬಿಟ್ಟರು ಅಂತ ಗೊತ್ತಾಗಬೇಕಾದರೆ ಒಂದು ಸಲವಾದರೂ ಕೂತು ಅಂಥದ್ದನ್ನು ಮಾಡಿ ನೋಡಬೇಕು. ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯ ಕಥೆಯನ್ನು ನಾವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಅದರಲ್ಲಿ ಅಪ್ಪ ಮೇಜು ಗುದ್ದುತ್ತಲೇ ಇರುತ್ತಾನೆ.

ಆದ್ದರಿಂದ ನಿಮ್ಮ ಮಗನೋ ಮಗಳೋ ಟ್ರೈಪಾಡ್ ಹಿಡಿದು ಅಡುಗೆಮನೆಗೆ ಬಂದರೆ ಒಲೆ ಆರಿಸಿ ಜಾಗ ಕೊಡಿ. ಪಾತ್ರ ಮಾಡು ಅಂದರೆ ಮಾಡಿ. ಎಡಿಟಿಂಗ್‌ಗೆ ಮಾತ್ರ ಕೈ ಹಾಕಬೇಡಿ. ಮುಂದಿನ ಕಾರ್ಯಕ್ರಮದಲ್ಲಿ ಆ ಅಪ್ಪ ಸಿಕ್ಕರೆ, ಬಿಸಿಬೇಳೆಬಾತ್ ಆರಿದರೂ ಸರಿ, ಈ ಸಲ ನಾನೇ ಮಾತಾಡಿಸುತ್ತೇನೆ.

ಏನಂತೀರಿ?