ಸಸಿ ಹಂಚಿದರೆ ವಿಸ್ತರಣೆ ಮುಗಿಯಿತೇ?



ಬರುವ ವಾರ್ಷಿಕ ಮಹಾಸಭೆಯ ವಿಷಯಸೂಚಿಯಲ್ಲಿ ಒಂಬತ್ತನೆಯ ಬಾಬು 'ಜೈವಿಕ ಇಂಧನ ಘಟಕದ ಸ್ಥಾಪನೆ' ಎಂದಿರುವುದನ್ನು ತಾವು ಗಮನಿಸಿರಬಹುದು. ಹೊಂಗೆ ಬೀಜದಿಂದ ಎಣ್ಣೆ ತೆಗೆಯುವ ಯಂತ್ರವೊಂದನ್ನು ಸಂಘದ ಕಟ್ಟಡ ನಿಧಿಯಿಂದ ಕೊಳ್ಳಬೇಕೆಂದು ಕೆಲವು ಸದಸ್ಯರು ಬರೆದು ಕೊಟ್ಟಿದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಆ ನಿಧಿ ಹತ್ತು ಹದಿನೈದು ವರ್ಷ ನಾವು ನೀವೆಲ್ಲ ಚೂರು ಚೂರಾಗಿ ಕೂಡಿಸಿದ್ದು. ಸಭೆಯ ದಿನ ಊಟದ ಹೊತ್ತಿಗೆ ಅವಸರದಲ್ಲಿ ಕೈಯೆತ್ತಿ ಮುಗಿಸುವ ವಿಷಯ ಇದಲ್ಲವಾದ್ದರಿಂದ, ನಮಗೆ ತೋಚಿದ್ದನ್ನು ಮುಂಚಿತವಾಗಿಯೇ ಇಲ್ಲಿ ಬರೆಯುತ್ತಿದ್ದೇವೆ.

ಕಳೆದ ಫೆಬ್ರವರಿಯಲ್ಲಿ, ಅರೇಬಿಕಾ ಕೊಯಿಲು ಮುಗಿದ ಬಳಿಕ, ನಾವು ಕೆಲವರು ಬೀದರಿಗೆ ಹೋಗಿ ಬಂದೆವು. ಅಲ್ಲಿಯ ಜಿಲ್ಲಾ ಸಹಕಾರಿ ಬ್ಯಾಂಕು ಸ್ವಸಹಾಯ ಗುಂಪುಗಳ ಕೆಲಸಕ್ಕೆ ದೇಶದಲ್ಲೇ ಹೆಸರಾದುದು. ಅದನ್ನು ನೋಡಿ ಕಲಿಯುವುದೇ ಪ್ರವಾಸದ ಉದ್ದೇಶ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ ಒಂದು ಹಗಲು ಕಳೆದೆವು. (ಕಲಬುರಗಿ ಜಿಲ್ಲೆಯ ಚಿಂಚೋಳಿ ಬೇರೆ, ಇದು ಬೇರೆ. ನಮ್ಮ ಚಾಲಕನಿಗೆ ಇದು ತಿಳಿಯುವ ಹೊತ್ತಿಗೆ ಒಂದು ಗಂಟೆ ಹಾಳಾಗಿತ್ತು.) ಕಾಫಿಯಿಲ್ಲ, ಅಡಿಕೆಯಿಲ್ಲ, ನೆರಳಂತೂ ಇಲ್ಲವೇ ಇಲ್ಲ. ತೊಗರಿ, ಸೋಯಾ, ಜೋಳ, ನೀರಿದ್ದ ಕಡೆ ಕಬ್ಬು. ಆದರೂ ಹೊಲಗಳ ಬದಿಯಲ್ಲಿ ನಡೆಯುತ್ತಿದ್ದ ನಮಗೆ ನಮ್ಮ ತೋಟವೇ ನೆನಪಾಯಿತು. ಕಬ್ಬು ಕಡಿದ ಗದ್ದೆಗಳಲ್ಲಿ ರವದಿಗೆ ಬೆಂಕಿ ಇಟ್ಟಿದ್ದರು. ನಾವು ತರಗು ಎನ್ನುವುದಕ್ಕೆ ಅಲ್ಲಿಯವರು ರವದಿ ಎನ್ನುತ್ತಾರೆ. ತೊಗರಿ ಕಟ್ಟಿಗೆ ಮೆದೆಮೆದೆಯಾಗಿ ಬಿದ್ದಿತ್ತು. ಮೊದಲು ಅದೇ ಒಲೆಗೆ ಆಧಾರವಾಗಿತ್ತಂತೆ. ಸಿಲಿಂಡರು ಬಂದ ಮೇಲೆ ಅರ್ಧ ಒಲೆಗೆ, ಅರ್ಧ ಹೊಲದಲ್ಲೇ ಬೂದಿ. ಡಿಸೆಂಬರಿನಲ್ಲಿ ನಮ್ಮ ಪಲ್ಪರ್ ಮನೆಯ ಹಿಂದೆ ಕೊಳೆಯುವ ಸಿಪ್ಪೆಯ ರಾಶಿಗೂ ಇದಕ್ಕೂ ವ್ಯತ್ಯಾಸವೇನು?

ಒಬ್ಬ ರೈತರ ಹಿತ್ತಿಲಿಗೆ ಕರೆದೊಯ್ದರು. ಎರಡು ದೇವಣಿ ಹಸು, ಒಂದು ಎತ್ತಿನ ಜೋಡಿ. ದೇವಣಿ ಆ ಸೀಮೆಯ ಹೆಮ್ಮೆಯ ತಳಿ, ನೋಡಲು ಕಣ್ಣು ಸಾಲದು. ಕೊಟ್ಟಿಗೆಯ ಪಕ್ಕದಲ್ಲಿ ಗೋಬರ್ ಗ್ಯಾಸಿನ ಗುಮ್ಮಟ, ಅದರ ಮೇಲೆ ಹಪ್ಪಳ ಒಣಗಿ ಹಾಕಿತ್ತು. ನಾಲ್ಕು ವರ್ಷ ಚೆನ್ನಾಗಿ ಉರಿಯಿತಂತೆ. ಆಮೇಲೆ ಎಲ್ಲೋ ಸೋರಿಕೆ. ಕಟ್ಟಿಸಿ ಕೊಟ್ಟವರ ಫೋನು ಹತ್ತಲಿಲ್ಲ, ಸಹಾಯಧನ ಮಂಜೂರು ಮಾಡಿದವರಿಗೆ ವರ್ಗವಾಗಿತ್ತು, ಊರಿನ ಗಾರೆಯವನಿಗೆ ಆ ಕೆಲಸ ಬಾರದು. ಸಗಣಿ ಇದೆ, ಗುಮ್ಮಟ ಇದೆ, ಮನೆಯ ಹೆಂಗಸರಿಗೆ ಅದರಲ್ಲಿ ಅಡಿಗೆ ಮಾಡಿ ರೂಢಿಯೂ ಇದೆ. ಒಬ್ಬ ಮನುಷ್ಯ ಒಂದು ದಿನ ಬಂದು ನೋಡಿದ್ದರೆ ಸಾಕಿತ್ತು.

ಇದನ್ನೇ ಶಿರಸಿಯೊಡನೆ ಹೋಲಿಸಿ ನೋಡಿರಿ. ಅಲ್ಲಿಯೂ ನಮ್ಮಂತೆಯೇ ಅಡಿಕೆ ಬೆಳೆಗಾರರು. ಅಲ್ಲಿಯ ಗೋಬರ್ ಗ್ಯಾಸ್ ಸ್ಥಾವರಗಳನ್ನು ಕುರಿತು ವಿಜ್ಞಾನಿಗಳು ನಡೆಸಿದ ಸಮೀಕ್ಷೆ 2001ರಲ್ಲಿ ಪ್ರಕಟವಾಯಿತು. ಅವರು ಹೋಗಿ ನೋಡಿದ ಸ್ಥಾವರಗಳೆಲ್ಲ ಕೆಲಸ ಮಾಡುತ್ತಿದ್ದವು. ದೇಶದ ಬೇರೆ ಕಡೆ ಅರ್ಧಕ್ಕರ್ಧ ಪಾಳು ಬಿದ್ದಿವೆಯೆಂಬ ದೂರು ಕೇಳಿಬರುತ್ತಿದ್ದ ಕಾಲ ಅದು. ಕಾರಣವೇನೂ ನಿಗೂಢವಲ್ಲ. ಸ್ಥಾವರ ಕಟ್ಟುವವರು ಆಯಾ ಊರುಗಳ ಸುತ್ತಮುತ್ತಲಿನವರೇ, ಒಬ್ಬರ ಮೇಲೊಬ್ಬರು ಸ್ಪರ್ಧೆಯಿಂದ ಖಾತರಿ ಕೊಟ್ಟು, ಕೆಟ್ಟರೆ ಬಂದು ದುರಸ್ತಿ ಮಾಡುತ್ತಿದ್ದರು. ಬಗ್ಗಡಕ್ಕೆ ಸೊಪ್ಪು ಕೂಡಿಸಿದರೆ ಅಡಿಕೆ ಮರಕ್ಕೆ ಗೊಬ್ಬರ. ಹೀಗಾಗಿ ಮನೆಯಾಕೆಗೂ ಲಾಭ, ಯಜಮಾನನಿಗೂ ಲಾಭ. ಖಟಕ ಚಿಂಚೋಳಿಯ ಸಗಣಿಯಲ್ಲಿ ಅನಿಲ ಕಡಿಮೆಯೇನಿಲ್ಲ. ಮರಳಿ ಬರುವ ಮನುಷ್ಯ ಇರಲಿಲ್ಲ, ಅಷ್ಟೆ.

ಈ ಮರಳಿ ಬರುವ ಕೆಲಸಕ್ಕೇ ವಿಸ್ತರಣೆ ಎಂದು ಹೆಸರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ ಪ್ರಾರಂಭವಾದಾಗ ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕಾಲಿನ ಮೇಲೆ ಅದನ್ನು ನಿಲ್ಲಿಸಿದರು. ಆ ಮಾದರಿ ಅಮೆರಿಕದಿಂದ ಬಂದುದು; ಅಲ್ಲಿ 1914ರ ಕಾನೂನಿನಿಂದಲೇ ವಿಶ್ವವಿದ್ಯಾನಿಲಯದ ವಿಸ್ತರಣಾ ಶಿಕ್ಷಕ ಜಿಲ್ಲೆಯಲ್ಲಿ ಮನೆ ಮಾಡಿಕೊಂಡು ರೈತರ ನಡುವೆ ಇರುವ ಪದ್ಧತಿ ಬೆಳೆಯಿತು. ನಮ್ಮ ವಿಶ್ವವಿದ್ಯಾನಿಲಯಕ್ಕೆ ಆರಂಭದಲ್ಲಿ ನೆರವಾದುದು ಟೆನೆಸ್ಸಿ ವಿಶ್ವವಿದ್ಯಾನಿಲಯ. ಅದೇ ಟೆನೆಸ್ಸಿಯವರು 2007ರಲ್ಲಿ ಹುಲ್ಲಿನಿಂದ ಇಂಧನ ತೆಗೆಯುವ ದೊಡ್ಡ ಕಾರ್ಯಕ್ರಮವೊಂದನ್ನು ರಾಜ್ಯ ಸರ್ಕಾರದ ಹಣದಿಂದ ಆರಂಭಿಸಿದಾಗ ಮಾಡಿದ ಒಂದು ಕೆಲಸ ನಮಗೆ ಮೆಚ್ಚಿಗೆಯಾಯಿತು: ರೈತ ಬೀಜ ಬಿತ್ತುವ ಮೊದಲೇ ಅವನ ಕೈಗೆ ಮೂರು ವರ್ಷದ ಕರಾರು ಕೊಟ್ಟರು. ಬೆಳೆಯುವ ವಿಧಾನವನ್ನು ಕಲಿಸಲು ವಿಸ್ತರಣಾ ಶಿಕ್ಷಕರು ಜೊತೆಗಿದ್ದರು. ಹುಲ್ಲಿನಿಂದ ಇಂಧನ ತೆಗೆಯುವ ಉದ್ಯಮ ಅವರು ಎಣಿಸಿದಷ್ಟು ಬೆಳೆಯಲಿಲ್ಲ ಎಂಬುದು ನಿಜ. ಆದರೆ ನಷ್ಟದ ಭಾರವೆಲ್ಲ ಬೆಳೆದವನ ತಲೆಯ ಮೇಲೆ ಬೀಳದಂತೆ ಮೊದಲೇ ಯೋಚಿಸಿದ್ದರು.

ನಮ್ಮಲ್ಲಿ ಆದದ್ದು ಬೇರೆ. ಕಾಡುಹರಳಿನ ಕಾಲ ನಿಮಗೆ ಮರೆತಿರಲಾರದು. ದೇಶದ ಬಂಜರು ಭೂಮಿಯೆಲ್ಲ ಡೀಸೆಲ್ ಸುರಿಸುತ್ತದೆಂದು ಪತ್ರಿಕೆಗಳು ಬರೆದವು. 2009ರ ರಾಷ್ಟ್ರೀಯ ನೀತಿಯಲ್ಲಿ 2017ರೊಳಗೆ ಶೇಕಡ 20ರ ಮಿಶ್ರಣವೆಂದು ಗುರಿಯನ್ನೂ ಇಟ್ಟರು. ಅದಕ್ಕೂ ಮುಂಚೆಯೇ, 2006ರ ಮಳೆಗಾಲದಲ್ಲಿ, ನಾವು ಎರಡು ಎಕರೆ ಕಾಡುಹರಳು ನೆಟ್ಟೆವು. ಬೀಜ ಕೊಳ್ಳುತ್ತೇವೆಂದು ಮುದ್ರಿತ ಕಾಗದ ಕೊಟ್ಟಿದ್ದ ಕಂಪನಿಯೊಂದು ಮೂರನೆಯ ವರ್ಷಕ್ಕೆ ವಿಳಾಸದಲ್ಲಿರಲಿಲ್ಲ. ನಮ್ಮ ಮಳೆಗೆ ಬುಡ ಕೊಳೆತು ಗಿಡಗಳು ಸತ್ತವು. ಉಳಿದವು ಎಲೆ ಬಿಟ್ಟವೇ ಹೊರತು ಕಾಯಿ ಬಿಡಲಿಲ್ಲ. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆಗ ಒಬ್ಬ ವಿಸ್ತರಣಾ ಶಿಕ್ಷಕರು ಮನೆಗೆ ಬಂದು, ಒಳ್ಳೆಯ ಜಾಗಕ್ಕೆ ಇದನ್ನು ಹಾಕಬೇಡಿ, ಬೇಲಿಗೆ ನಾಲ್ಕು ಗಿಡ ಹಾಕಿ ನೋಡಿರಿ ಎಂದಿದ್ದರು. ಕಂಪನಿಯ ಕಾಗದ ಬಣ್ಣದ್ದಾಗಿತ್ತು, ಅವರ ಮಾತು ಸಪ್ಪೆಯಾಗಿತ್ತು. ನಾವು ಕಾಗದವನ್ನು ನಂಬಿದೆವು.

ಆ ಶಿಕ್ಷಕರ ಮಾತಿನ ಬೆಲೆ ತಿಳಿದದ್ದು ನಮ್ಮ ಜಿಲ್ಲೆಯ ಮಡೆನೂರಿಗೆ ಹೋದಾಗ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು 2007ರಲ್ಲಿ ಹಾಸನದ ಹತ್ತಿರ ಅಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿದರು. ಪ್ರೊಫೆಸರ್ ಬಾಲಕೃಷ್ಣ ಗೌಡರು ಅದರ ಹಿಂದಿನ ಶಕ್ತಿ. ಅವರ ಯೋಚನೆ ಕಾಡುಹರಳಿನ ಅಬ್ಬರಕ್ಕೆ ಪೂರ್ತಿ ವಿರುದ್ಧ. ಬೆಳೆಯ ಭೂಮಿಯನ್ನು ಮುಟ್ಟಬೇಡಿ. ಬದು, ಬೇಲಿ, ಕೆರೆಯಂಗಳ, ಕೊಟ್ಟಿಗೆಯ ಹಿಂದು ಸಾಕು. ಒಂದೇ ಗಿಡವನ್ನು ನಂಬಬೇಡಿ. ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಕಲಸಿ ಹಾಕಿರಿ, ಒಂದು ಕೈಕೊಟ್ಟರೆ ಇನ್ನೊಂದಿದೆ. ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳನ್ನು ಮಾಡಿಸಿದರು. ರಾಜ್ಯ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿ ಹೊರಡಿಸುವ ವೇಳೆಗೆ ನಮ್ಮ ಜಿಲ್ಲೆಯ ರೈತರಿಗೆ ಹೊಂಗೆಯ ಲೆಕ್ಕ ಬಾಯಿಪಾಠವಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜನ ನಾವು. ಹೊಂಗೆಯನ್ನು ಗಿಡವೆಂದೇ ಎಣಿಸದಿದ್ದವರಿಗೆ ಅದರ ಬೀಜ ಹೆಕ್ಕುವುದನ್ನು ಕಲಿಸಿದ್ದು ಸಣ್ಣ ಕೆಲಸವಲ್ಲ.

ಹಾಗಾದರೆ ಎಣ್ಣೆಯ ಯಂತ್ರಕ್ಕೆ ನಮ್ಮ ಅಡ್ಡಿಯೇನೆಂದು ಕೇಳುವಿರಿ. ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. ಗಂಟೆಗೆ 50 ಕಿಲೋ ಅರೆಯುವ ಸಣ್ಣ ಯಂತ್ರವೆಂದೇ ಇಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ 4 ಕ್ವಿಂಟಾಲ್. ವರ್ಷಕ್ಕೆ 100 ದಿನವಾದರೂ ಓಡದಿದ್ದರೆ ಅದು ಬಡ್ಡಿಯನ್ನೂ ದುಡಿಯಲಾರದು. ಅಂದರೆ 400 ಕ್ವಿಂಟಾಲ್ ಬೀಜ ಬೇಕು. ಸದಸ್ಯರು 300, ತಲೆಗೆ ಒಂದೂಕಾಲು ಕ್ವಿಂಟಾಲಿಗಿಂತ ಹೆಚ್ಚು, ಸಿಪ್ಪೆ ಸುಲಿದ ಬೀಜ. ನಿಮ್ಮಲ್ಲಿ ಎಷ್ಟು ಜನರ ತೋಟದಲ್ಲಿ ಕಾಯಿ ಬಿಡುವ ಹೊಂಗೆ ಎಷ್ಟಿದೆ? ಈಗ ನೆಟ್ಟರೆ ಕಾಯಿ ಕಾಣಲು ಐದಾರು ವರ್ಷ ಬೇಕು. ಒಂದು ವರ್ಷ ಬಿಟ್ಟರೆ ಮರುವರ್ಷ ಕೈಕೊಡುವುದೂ ಉಂಟು. ಹೆಕ್ಕುವುದಕ್ಕೆ ಆಳು ಯಾರು? ಕಾಫಿ ಕೊಯ್ಯುವುದಕ್ಕೇ ಆಳಿಲ್ಲವೆಂದು ನಾವು ಪ್ರತಿ ಸಭೆಯಲ್ಲೂ ಗೋಳಾಡುತ್ತಿಲ್ಲವೇ? ಗಾಣದಲ್ಲಿ ನೂರು ಕಿಲೋಗೆ 25 ಕಿಲೋ ಆಸುಪಾಸು ಎಣ್ಣೆ ಬಂದೀತು. ಉಳಿದ ಹಿಂಡಿ ಕಾಫಿ ಗಿಡಕ್ಕೆ ಉತ್ತಮ ಗೊಬ್ಬರವೆಂಬುದನ್ನು ನಮ್ಮ ಹಿರಿಯರೂ ಬಲ್ಲರು, ಅದಕ್ಕಾಗಿ ಹೊಂಗೆ ಬೇಕು. ಯಂತ್ರ ಇನ್ನೂ ಹತ್ತು ವರ್ಷ ಕಾಯಬಹುದು. ಮೈದಾನದ ಸೀಮೆಯಲ್ಲಿ, ಬದುಗಳಲ್ಲಿ ಮರವಿರುವ ಕಡೆ, ಈ ಲೆಕ್ಕ ಬೇರೆಯಾಗಬಹುದು.

ನಮ್ಮ ಬಳಿ ಈಗಲೇ ರಾಶಿ ಬಿದ್ದಿರುವುದು ಬೇರೆ ವಸ್ತು. ಒಂದು ಕಿಲೋ ಅರೇಬಿಕಾ ಬೇಳೆಗೆ ಐದೂವರೆಯಿಂದ ಆರು ಕಿಲೋ ಹಣ್ಣು ಬೇಕು. ಐದು ಎಕರೆಯ ಸಣ್ಣ ಬೆಳೆಗಾರ 1500 ಕಿಲೋ ಬೇಳೆ ಮಾಡಿದನೆಂದರೆ ಎಂಟೂವರೆ ಟನ್ ಹಣ್ಣು ಪಲ್ಪರಿಗೆ ಹೋಗಿದೆ. ಅದರ ನೂರಕ್ಕೆ ನಲವತ್ತು ಭಾಗ, ಮೂರು ಮೂರೂವರೆ ಟನ್, ಬರಿಯ ಸಿಪ್ಪೆ. ಅದರ ಜೊತೆಗೆ ತೊಳೆದ ನೀರು. ಆ ನೀರು ಎಲ್ಲಿಗೆ ಹೋಗುತ್ತದೆಂದು ನಾವು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ. ಜನವರಿಯಲ್ಲಿ ಹಳ್ಳ ಸಣ್ಣದಾಗಿರುತ್ತದೆ, ನೀರು ಕಪ್ಪಾಗಿ ನಾರುತ್ತದೆ, ಮೀನು ಸಾಯುತ್ತವೆ. ಕೆಳಗಿನ ಊರಿನವರು ಅದನ್ನೇ ದನಗಳಿಗೆ ಕುಡಿಸುತ್ತಾರೆ. ಅವರು ದೂರು ಕೊಡದಿರುವುದು ಅವರ ಸೌಜನ್ಯ.

ಈ ನೀರಿನಲ್ಲಿರುವ ಸಕ್ಕರೆಯೇ ಅನಿಲದ ಮೂಲ. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದ ಪರಂಪರೆಯ ವಿಜ್ಞಾನಿ ಚಾಣಕ್ಯ ಮತ್ತು ಅವರ ಸಂಗಡಿಗರು ನಮ್ಮ ಕಾಫಿ ಸೀಮೆಯ ತೋಟಗಳಲ್ಲೇ ಗಾಳಿಯಾಡದ ತೊಟ್ಟಿಗಳಲ್ಲಿ ಈ ನೀರನ್ನು ಕೊಳೆಸಿ ಅನಿಲ ತೆಗೆದು ತೋರಿಸಿದ್ದಾರೆ. ತೊಡಕುಗಳೂ ಇವೆ. ನೀರು ಹುಳಿ; ಸುಣ್ಣ ಹಾಕಿ ಸಮ ಮಾಡದಿದ್ದರೆ ಅನಿಲದ ಜೀವಾಣು ಸಾಯುತ್ತದೆ. ಪಲ್ಪಿಂಗ್ ಇರುವುದು ಎರಡು ಮೂರು ತಿಂಗಳು. ಉಳಿದ ಕಾಲ ತೊಟ್ಟಿಗೆ ಸಗಣಿಯನ್ನಾದರೂ ಉಣಿಸಿ ಜೀವ ಹಿಡಿಯಬೇಕು, ಇಲ್ಲವೆ ಪ್ರತಿ ಡಿಸೆಂಬರಿಗೆ ಹೊಸದಾಗಿ ಹೆಪ್ಪು ಹಾಕಬೇಕು. ಇದು ಪುಸ್ತಕ ನೋಡಿ ಮಾಡುವ ಕೆಲಸವಲ್ಲ, ಪಕ್ಕದಲ್ಲಿ ನಿಂತು ಕಲಿಸಬೇಕಾದ ಕೆಲಸ. ರೊಬಸ್ಟಾವನ್ನು ಚೆರಿಯಾಗಿಯೇ ಒಣಗಿಸುವ ಸದಸ್ಯರಿಗೆ ಈ ತಾಪತ್ರಯವೂ ಇಲ್ಲ, ಲಾಭವೂ ಇಲ್ಲ. ಅವರಿಗೆ ಸಗಣಿಯ ಸ್ಥಾವರವೇ ಲೇಸು. ನಾಲ್ಕೈದು ದನದ 50 ಕಿಲೋ ಸಗಣಿಗೆ ದಿನಕ್ಕೆ 2 ಘನ ಮೀಟರ್ ಅನಿಲ, ತಿಂಗಳಿಗೆ ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ.

ಅಸ್ತ್ರದವರೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ನಡೆಸಿದ ಕಥೆಯನ್ನೂ ಸದಸ್ಯರು ತಿಳಿಯಬೇಕು. ಅಡಿಗೆಗೆ ಅನಿಲ ಕೊಡುವುದೆಂದು ಮೊದಲು ಯೋಚಿಸಿದ್ದರು. ಸಗಣಿ ಸಾಲಲಿಲ್ಲ, ಮತ್ತು ಊರಿನವರಿಗೆ ನಿಜವಾಗಿ ಬೇಕಾಗಿದ್ದುದು ಕುಡಿಯುವ ನೀರು. ವಿಜ್ಞಾನಿಗಳು ತಮ್ಮ ನಕ್ಷೆಯನ್ನು ಬದಲಾಯಿಸಿ, 1987ರಿಂದ ಅದೇ ಅನಿಲದಲ್ಲಿ ಎಂಜಿನು ಓಡಿಸಿ ನೀರು, ದೀಪ ಎರಡನ್ನೂ ಕೊಟ್ಟರು. ಸಗಣಿ ತಂದವರಿಗೆ ಬಗ್ಗಡ ಹಿಂದಕ್ಕೆ ಸಿಗುತ್ತಿತ್ತು. ರೈತನ ಮಾತು ಕೇಳಿ ತಮ್ಮ ಲೆಕ್ಕ ತಿದ್ದಿಕೊಳ್ಳುವ ವಿದ್ಯಾವಂತರು ಇದ್ದಾರೆ; ನಾವು ಅವರನ್ನು ಕರೆಯಬೇಕು.

ಅಡಿಕೆ ಸಿಪ್ಪೆಯನ್ನು ಇಟ್ಟಿಗೆಯಂತೆ ಒತ್ತಿ ಕಾರ್ಖಾನೆಗೆ ಮಾರೋಣವೆಂಬ ಸಲಹೆಯೂ ಬಂದಿದೆ. ಇದರಲ್ಲಿ ನಮಗೆ ಅಷ್ಟು ಮನಸ್ಸಿಲ್ಲ. ಹಣ್ಣಿನ ತೂಕದ ಶೇಕಡ 60ರಿಂದ 80 ಸಿಪ್ಪೆಯೇ. ಬೇಗ ಕರಗದು, ನಿಜ. ಆದರೆ ಅದು ತೋಟದಿಂದ ಬಂದುದು, ತೋಟಕ್ಕೆ ಮರಳಬೇಕಾದುದು. ಅಡಿಕೆ ಬೇಯಿಸುವ ಒಲೆಗೆ ಸ್ವಲ್ಪ ಹೋಗಲಿ, ಸೌದೆ ಉಳಿದೀತು. ಲಾರಿ ತುಂಬಿ ಹೊರಗೆ ಹೋದರೆ ನಾಳೆ ಅದರ ಬದಲು ಗೊಬ್ಬರದ ಲಾರಿ ಒಳಗೆ ಬರಬೇಕು. ಪೆಟ್ರೋಲಿಗೆ ಶೇಕಡ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು; ಬೀದರಿನ ಕಬ್ಬಿಗೂ ಬಯಲಿನ ಮೆಕ್ಕೆಜೋಳಕ್ಕೂ ಅದರಿಂದ ಅನುಕೂಲವಾದೀತು. ಆ ಗಾಳಿ ನೋಡಿ ನಾವೂ ತೂರಿಕೊಳ್ಳಲು ಹೊರಟರೆ ಕಾಳಿನ ಬದಲು ಮಣ್ಣೇ ಹಾರಿಹೋದೀತು.

ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಾವು ಇಡುವ ಬದಲಿ ಸೂಚನೆ ಇಷ್ಟು. ಕಟ್ಟಡ ನಿಧಿಯನ್ನು ಮುಟ್ಟುವುದು ಬೇಡ. ಈ ವರ್ಷದ ಲಾಭದಲ್ಲಿ ಶಿಕ್ಷಣ ನಿಧಿಗೆ ತೆಗೆದಿಟ್ಟುದರಿಂದ ಪಲ್ಪಿಂಗ್ ಮಾಡುವ ಮೂರು ತೋಟಗಳಲ್ಲಿ, ಹಳ್ಳದ ಮೇಲ್ಭಾಗದಲ್ಲಿರುವವಕ್ಕೆ ಆದ್ಯತೆ ಕೊಟ್ಟು, ಪ್ರಾತ್ಯಕ್ಷಿಕೆಯ ತೊಟ್ಟಿ ಕಟ್ಟಿಸುವುದು. ನಮ್ಮೂರಿನ ಇಬ್ಬರು ಗಾರೆ ಹುಡುಗರನ್ನು ಶಿರಸಿಗೆ ಕಳುಹಿಸಿ ಕೆಲಸ ಕಲಿಸಿ ತರುವುದು. ಅವರ ಖರ್ಚು ಸಂಘದ್ದು, ಐದು ವರ್ಷ ದುರಸ್ತಿಯ ಹೊಣೆ ಅವರದ್ದು. ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದು, ಕೊಯಿಲಿನ ಕಾಲದಲ್ಲಿ ಒಬ್ಬ ವಿಸ್ತರಣಾ ಶಿಕ್ಷಕರು ಹದಿನೈದು ದಿನಕ್ಕೊಮ್ಮೆಯಾದರೂ ಬರಬೇಕೆಂದು, ಬಂದ ದಿನದ ವರದಿಯನ್ನು ಸಂಘದ ಪುಸ್ತಕದಲ್ಲಿ ಬರೆಯಬೇಕೆಂದು ಕೇಳುವುದು. ಸಸಿ, ಕರಪತ್ರ, ಟೋಪಿ ನಮಗೆ ಬೇಡ.

ಪಲ್ಪರ್ ಇರುವ ಸದಸ್ಯರು ಕಳೆದ ಕೊಯಿಲಿನಲ್ಲಿ ಎಷ್ಟು ಹಣ್ಣು ಪಲ್ಪ್ ಮಾಡಿದರು, ನೀರು ಎಷ್ಟು ಬಳಸಿದರು, ಅದು ಎಲ್ಲಿಗೆ ಹರಿಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಭೆಗೆ ತರಬೇಕಾಗಿ ವಿನಂತಿ. ಮೂರನೆಯ ಪ್ರಶ್ನೆಗೆ ಉತ್ತರ ಬರೆಯಲು ಮುಜುಗರವಾದರೆ ಹೆಸರು ಬರೆಯದೆ ಕೊಟ್ಟರೂ ಆದೀತು. ನಮ್ಮ ಚೀಟಿಯನ್ನು ಈಗಾಗಲೇ ಕಚೇರಿಯ ಫಲಕಕ್ಕೆ ಅಂಟಿಸಿದ್ದೇವೆ, ಹೆಸರು ಸಮೇತ.